ಫಾರ್ಮ್ಯಾಟ್ ಮಾವ ಗೆದ್ದದ್ದು

ಸ್ಟುಡಿಯೋ ಮಾಲೀಕರಿಗೆ ಬೀದಿಯವರೆಲ್ಲ ಇಟ್ಟ ಹೆಸರು ‘ಫಾರ್ಮ್ಯಾಟ್ ಮಾವ’. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ಎತ್ತಿಸಿ, ಅಲ್ಲಾಡದಂತೆ ಮಾಡಿಯೇ ಅವರು ಮಾತು ತೆಗೆಯುತ್ತಿದ್ದರು: “ದೊಡ್ಡ ಕ್ಯಾಮೆರಾ ಕಂಪನಿಗಳೆಲ್ಲ ಮೀಡಿಯಂ ಫಾರ್ಮ್ಯಾಟಿಗೆ ಇಳೀಲೇಬೇಕು ಕಣಪ್ಪ. ಅದರಲ್ಲಿ ಚಿತ್ರ ಹಿಡಿಯೋ ಸೆನ್ಸರ್ ದೊಡ್ಡದು. ಸೆನ್ಸರ್ ದೊಡ್ಡದಾದ್ರೆ ಮುಖ ಮುಖದ ಹಾಗೇ ಬರುತ್ತೆ.” ತಲೆಯಾಡಿಸಿದರೆ ಫೋಟೋ ಕೆಟ್ಟೀತೆಂದು ಗಿರಾಕಿಗಳು ಬರೀ ಹೂಂಗುಟ್ಟುತ್ತಿದ್ದರು. ಕ್ಯಾಮೆರಾ ಅಂಗಡಿಯ ಸೇಲ್ಸ್‌ಮನ್ ಮಾತ್ರ, “ಅಷ್ಟು ಬೆಲೆ ಕೊಟ್ಟು ಅದನ್ನ ಕೊಳ್ಳೋರು ಬೆರಳೆಣಿಕೆ ಜನ, ಸಾರ್” ಎಂದು ನಗುತ್ತಿದ್ದ. “ದೊಡ್ಡ ಕಂಪನಿಯೋರು ಮಾಡಿದ್ರೆ ತಾನೇ ಬೆಲೆ ಇಳಿಯೋದು, ನಮ್ಮಂಥೋರು ಕೊಳ್ಳೋದು!” ಎಂದು ಮಾವ ಮೇಜು ಗುದ್ದುತ್ತಿದ್ದರು. ಕೊನೆಗೊಂದು ದಿನ ಅದೇ ಸೇಲ್ಸ್‌ಮನ್ ಹೊಸ ಪೆಟ್ಟಿಗೆ ಹೊತ್ತು ಬಂದು, “ನೀವೇ ಗೆದ್ರಿ, ಸಾರ್. ದೊಡ್ಡ ಕಂಪನಿಯವರೇ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಮಾಡಿದ್ದಾರೆ. ಮೊದಲ ಫೋಟೋ ನೀವೇ ತೆಗೀರಿ” ಎಂದ. ಮಾವ ಬೀದಿಗೆಲ್ಲ ಕೇಳುವಂತೆ ಚಪ್ಪಾಳೆ ತಟ್ಟಿದರು. ಆಮೇಲೆ ಹಿಂದಿನ ಕೋಣೆಗೆ ಹೋಗಿ, ವರ್ಷಗಟ್ಟಲೆ ಗಿರಾಕಿಗಳ ಮುಖದ ಕಲೆಗಳನ್ನು ಕಂಪ್ಯೂಟರಿನಲ್ಲಿ ಅಳಿಸುತ್ತ ಬಂದಿದ್ದ, ತನ್ನ ಕೆನ್ನೆಯ ಸುಟ್ಟ ಗಾಯದ ಕಲೆಗೆ ನಾಚಿ ಒಂದು ಫೋಟೋಕ್ಕೂ ನಿಲ್ಲದ ಹೆಂಡತಿಯನ್ನು ಕೈಹಿಡಿದು ಕರೆತಂದರು. ಮೊದಲ ಫೋಟೋ ಆಕೆಯದೇ ಆಯಿತು. ಅದರ ಆಳೆತ್ತರದ ಪ್ರಿಂಟು ಗೋಡೆಗೇರಿದಾಗ ಆಕೆ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು. “ಕೆನ್ನೆ ಹತ್ರ ಸ್ವಲ್ಪ ತಿದ್ದೋದಾ?” ಎಂದು ಮಾವ ಅಳುಕುತ್ತ ಕೇಳಿದರು. “ಯಾರಾದ್ರೂ ಮುಟ್ಟಿದ್ರೆ ನೋಡಿ!” ಎಂದರು ಆಕೆ. “ಬೀದಿ ಕಡೆ ಗಾಜಿಗೆ ಹಾಕ್ರೀ, ಹೋಗೋರು ಬರೋರೆಲ್ಲ ನೋಡ್ಲಿ.”