ಗೌಸ್ ಸಾಬರು ಕಳಿಸಿದ ಕೊನೆಯ ಫೈಲು

ಗೌಸ್ ಸಾಬರು ಕಸ ಓದುತ್ತಿದ್ದರು. ಕಸ ಅಂದರೆ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಮ್ಮ ಕನ್ನಡದ ಫೈಲು ತೆರೆದಾಗ ಬರುತ್ತದಲ್ಲ, ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ, ಅದು. ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗಿಸಿ, "ಚಿರಂಜೀವಿ ಸೌಭಾಗ್ಯವತಿ..." ಎಂದು ಸರಾಗವಾಗಿ ಓದಿಕೊಂಡು ಹೋಗುವರು. ಹತ್ತಾರು ವರ್ಷ ಅದರಲ್ಲೇ ಕಣ್ಣು ಸವೆಸಿದ್ದರು.

ನನ್ನದು ಮಾಲೂರಿನಲ್ಲಿ ಡಿಟಿಪಿ ಅಂಗಡಿ, ಅವರದು ಕೋಲಾರದಲ್ಲಿ ಪ್ರೆಸ್ಸು. ನಾನು ಕಾರ್ಡು ಡಿಸೈನ್ ಮಾಡಿ ಫೈಲು ಕಳಿಸಿದರೆ ಅವರು ಅಚ್ಚು ಹಾಕಿ ಕೊಡುತ್ತಿದ್ದರು. ನಾನೋ ಹುಟ್ಟಾ ಪುಕ್ಕಲಿ. ಫೈಲು ಕಳಿಸಿದ ಗಳಿಗೆಯಿಂದ ಅವರ ಫೋನ್ ಬರುವ ತನಕ ಬೇರೆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಒಮ್ಮೆ ಟೇಕಲ್‌ನವರ ಮದುವೆ ಕಾರ್ಡಿನ ಜೊತೆ ಫಾಂಟ್ ಕಳಿಸುವುದನ್ನೇ ಮರೆತೆ. ಫೋನ್ ಬಂತು. "ಏನಮ್ಮಾ, ಹುಡುಗಿ ಕಡೆಯವ್ರು ಯಾವ ದೇಶದವ್ರು? ಒಬ್ಬರ ಹೆಸ್ರೂ ನಾಲಿಗೆ ಮೇಲೆ ನಿಲ್ತಿಲ್ಲ!" ನನಗೆ ಅಳುವೇ ಬಂತು. "ಅರೆ, ಅಳ್ತಾರೇನಮ್ಮ? ನಾನಾಗ್ಲೇ ಓದ್ಕೊಂಡೆ. ಅಕ್ಷರ ಕಳ್ಸು ಮೊದ್ಲು," ಎಂದರು. ಫಾಂಟ್‌ಗೆ ಅವರು ಅಕ್ಷರ ಎಂದೇ ಹೇಳುತ್ತಿದ್ದುದು.

ಫೈಲಿನ ಜೊತೆ ಒಂದು ಪ್ರಿಂಟನ್ನೂ ಕವರಿಗೆ ಹಾಕಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಬೇಕೆಂಬುದು ಅವರ ಹಠ. ಈ ಕಾಲದಲ್ಲಿ ಇದೆಂಥ ಗೋಳಪ್ಪಾ ಎಂದು ನಾನು ಗೊಣಗುತ್ತಿದ್ದೆ. ವಕ್ಕಲೇರಿಯ ಕಾರ್ಡೊಂದು ನನ್ನ ಬಾಯಿ ಮುಚ್ಚಿಸಿತು. ಅವರಲ್ಲೂ ಅದೇ ಹೆಸರಿನ ಫಾಂಟ್ ಇತ್ತು, ಆದರೆ ಕೂದಲೆಳೆಯಷ್ಟು ಅಗಲ. ಸಾಲುಗಳು ಉದ್ದವಾಗಿ, ಕೊನೆಯ ಸಾಲು ಚೌಕಟ್ಟಿನಿಂದ ಕೆಳಗೆ ಜಾರಿ ಮಾಯವಾಗಿತ್ತು. ಸಾಬರು ಪ್ರಿಂಟಿನ ಮೇಲೆ ಸ್ಕೇಲಿಟ್ಟು ಪತ್ತೆ ಹಚ್ಚಿದರು. "ಊಟ ಇದೆ, ಛತ್ರ ಇದೆ, ಮುಹೂರ್ತನೇ ಇಲ್ವಲ್ಲಮ್ಮಾ! ಫಾಂಟ್ ಇಲ್ದಿದ್ರೆ ಕಂಪ್ಯೂಟ್ರು ಬಾಯ್ಬಿಟ್ಟು ಹೇಳುತ್ತೆ. ಬೇರೇದು ಬಂದು ಕೂತ್ರೆ ಸುಮ್ನಿರುತ್ತೆ. ಅದಕ್ಕೇ ಹೆದರ್ಬೇಕು."

ಇನ್ನು ಮೇಲೆ ಕರ್ವ್ ಮಾಡಿ ಕಳಿಸು ಎಂದರು. ಹಾಗೆ ಮಾಡಿದರೆ ಅಕ್ಷರವೆಲ್ಲ ಚಿತ್ರವಾಗಿಬಿಡುತ್ತದೆ. ಎಲ್ಲಿ ತೆರೆದರೂ ಅದೇ ರೂಪ, ಆದರೆ ಆಮೇಲೆ ತಿದ್ದಲು ಬರುವುದಿಲ್ಲ. "ಬಂಡೆ ಮೇಲೆ ಕೆತ್ತಿದಂಗೆ. ಯಾರಪ್ಪನ ಕೈಲೂ ಅಲ್ಲಾಡ್ಸೋಕಾಗಲ್ಲ!"

ಈ ವರ್ಷ ಮಗಳು ನಸೀಮಾಳ ಮದುವೆ ಕಾರ್ಡನ್ನು ತಾವೇ ಮಾಡಿ ನನಗೆ ಕಳಿಸಿದರು. "ಒಂದ್ಸಲ ನೋಡಮ್ಮಾ, ನನ್ ಕಣ್ಣಿನ ಮೇಲೆ ನನಗೇ ನಂಬಿಕೆ ಇಲ್ಲ." ಜೊತೆಗೆ ಕಂಡಕ್ಟರ್ ಕೈಲಿ ಪ್ರಿಂಟೂ ಬಂತು. ಚೆನ್ನಾಗಿದೆ ಎಂದು ನಾನು ಹೇಳಿದ ಮೂರನೇ ದಿನ ಸಾಬರು ಎದೆನೋವೆಂದು ಕೂತವರು ಏಳಲಿಲ್ಲ.

ಮದುವೆಯನ್ನು ಗೊತ್ತು ಮಾಡಿದ್ದ ದಿನವೇ ಮಾಡುವುದೆಂದು ಮನೆಯವರು ತೀರ್ಮಾನಿಸಿದರು. ಆದರೆ ಸಾಬರ ತಮ್ಮ ಫೋನ್ ಮಾಡಿ, "ಹೋದವರ ಹೆಸ್ರಲ್ಲಿ ಹೆಂಗೆ ಕರೆಯೋದಮ್ಮಾ? ಕಾರ್ಡಲ್ಲಿ ಅಣ್ಣನ ಹೆಸ್ರು ತೆಗ್ದು ನನ್ ಹೆಸ್ರು ಹಾಕು," ಎಂದರು. ಫೈಲು ತೆರೆದೆ. ಎಲ್ಲಾ ಕರ್ವ್! ಮೂಲ ಫೈಲೂ ಫಾಂಟೂ ಇದ್ದ ಸಾಬರ ಹಳೇ ಕಂಪ್ಯೂಟರ್ ಆನ್ ಆಗಲೇ ಇಲ್ಲ. ನನ್ನಲ್ಲಿದ್ದ ಯಾವ ಫಾಂಟ್ ಹಾಕಿದರೂ ಆ ಒಂದು ಹೆಸರು ಹೊರಗಿನವರು ಬಂದು ಕೂತ ಹಾಗೆ ಕಾಣುತ್ತಿತ್ತು. ಇಡೀ ಕಾರ್ಡನ್ನೇ ಹೊಸದಾಗಿ ಟೈಪ್ ಮಾಡಬಹುದಿತ್ತು, ಆದರೆ ಅದು ಅವರು ಮಾಡಿದ ಕಾರ್ಡಾಗುತ್ತಿರಲಿಲ್ಲ. ಮದುವೆ ಹತ್ತಿರ ಬರುತ್ತಿತ್ತು.

ಕೊನೆಗೆ ನಸೀಮಾಳೇ ಮಾಲೂರಿಗೆ ಬಂದಳು. ಹೆದರುತ್ತಲೇ ವಿಷಯ ಹೇಳಿದೆ. ಅವಳು ಪರದೆಯ ಮೇಲೆ ಅಪ್ಪನ ಹೆಸರನ್ನು ಬಹಳ ಹೊತ್ತು ನೋಡಿದಳು.

"ಅಬ್ಬಾನೇ ಕರೀಲಿ ಅಕ್ಕಾ. ಚಾಚಾಗೆ ನಾನು ಹೇಳ್ಕೋತೀನಿ."

ಮರುದಿನ ಏನನ್ನೂ ತಿದ್ದದೆ ಕಾರ್ಡಿನ ಪ್ರಿಂಟ್ ತೆಗೆದು, ಕವರಿಗೆ ಹಾಕಿ, ನಸೀಮಾಳಿಗೆಂದು ಬಸ್‌ಸ್ಟ್ಯಾಂಡಿಗೆ ಒಯ್ದೆ. ಕಂಡಕ್ಟರ್ ಎಂದಿನಂತೆ ಕೈ ಚಾಚಿದ. ಅವನಿಗೆ ಸುದ್ದಿ ತಿಳಿದಿರಲಿಲ್ಲ.

"ಸಾಬ್ರಿಗೇ ತಾನೇ ಮೇಡಂ?"

"ಹೂಂ," ಎಂದೆ.