ಬಲಗಡೆಯ ಸೀಟು

ನಮ್ಮ ಕಾರಿನ ರಿವರ್ಸ್ ಗೇರ್ ಬೀಳಬೇಕಾದರೆ ಮೊದಲು ಮೂರನೇ ಗೇರಿಗೆ ಹೋಗಿ, ಅಲ್ಲಿ ಒಂದು ಕ್ಷಣ ಕಾದು, ಆಮೇಲೆ ಪುಸಲಾಯಿಸಿ ಕೆಳಗೆ ಎಳೆಯಬೇಕು. ಜೋರು ಮಾಡಿದರೆ ಮುನಿಸಿಕೊಳ್ಳುತ್ತದೆ. ಬಲಗಡೆ ಕಿಟಕಿಯ ಗಾಜು ಎರಡು ಬೆರಳಿನಷ್ಟು ಇಳಿದು ನಿಂತುಬಿಡುತ್ತದೆ. ಎಡಗಡೆಯ ಕನ್ನಡಿಗೆ ಯಾವುದೋ ಹಸು ಮೈ ತಿಕ್ಕಿ ಹೋದಾಗಿನಿಂದ ಅದು ರಸ್ತೆ ಬಿಟ್ಟು ಆಕಾಶ ನೋಡುತ್ತಿದೆ. ಇಷ್ಟನ್ನೂ ಸಂಭಾಳಿಸಿಕೊಂಡು ಈ ಕಾರನ್ನು ಓಡಿಸಬಲ್ಲವರು ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅದು ನಾನು.

ಇದು ದೂರಲ್ಲ, ಜಂಬ. ಒಳ್ಳೆ ಕಾರು ಇಟ್ಟುಕೊಂಡವರ ಮನೆಗೆ ನೆಂಟರು ಮದುವೆ ಪತ್ರಿಕೆ ಕೊಡುವ ನೆಪದಲ್ಲಿ ಕೀ ಕೇಳಲು ಬರುತ್ತಾರೆ. ನಮ್ಮಲ್ಲಿಗೆ ಬರೀ ಪತ್ರಿಕೆ ಕೊಡಲು ಬರುತ್ತಾರೆ. ಒಮ್ಮೆ ನಮ್ಮ ಮೈದುನ ಅಮಾವಾಸ್ಯೆಗೆ ದೇವರ ದರ್ಶನಕ್ಕೆ ಉಕ್ಕಡಗಾತ್ರಿಗೆ ಹೋಗಬೇಕೆಂದು ಕಾರು ಒಯ್ದ. ಹರಿಹರ ತಲುಪುವ ಮೊದಲೇ ಪೆಟ್ರೋಲ್ ಬಂಕಿನಿಂದ ಫೋನು. "ಅತ್ತಿಗೆ, ಇದು ಹಿಂದಕ್ಕೆ ಹೆಂಗೆ ಹೋಗ್ತೈತೆ?" "ನಾನು ಹೇಳಿದ್ರೆ ಹೋಗ್ತೈತಪ್ಪ" ಅಂದೆ. ಅವತ್ತು ನಾಲ್ಕು ಜನ ಇಳಿದು ಅದನ್ನು ಹಿಂದಕ್ಕೆ ತಳ್ಳಿದರಂತೆ. ಆಮೇಲೆ ಯಾರೂ ಕೇಳಿಲ್ಲ.

ನಾನು ಹರಿಹರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ. ನಮ್ಮ ಮನೆಯವರು ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಹನ್ನೊಂದು ವರ್ಷದಿಂದ ದಿನಾ ಬೆಳಗ್ಗೆ ಅವರನ್ನು ಕಾರ್ಖಾನೆಯ ಗೇಟಿನಲ್ಲಿ ಇಳಿಸಿ ನಾನು ಹರಿಹರಕ್ಕೆ ಹೋಗುತ್ತೇನೆ. ಸಂಜೆ ಅವರು ಬಸ್ಸಿಗೆ ಬರುತ್ತಾರೆ. ಅವರು ಪಕ್ಕದಲ್ಲಿ ಇರುವಷ್ಟು ಹೊತ್ತು ಎಡಗಡೆಯ ಕನ್ನಡಿ ಅವರೇ. "ಬಸ್ ಐತೆ, ತಡಿ. ಹಾಂ, ಈಗ ಹೋಗು" ಅನ್ನುತ್ತಾರೆ. ಅವರನ್ನು ಇಳಿಸಿದ ಮೇಲೆ ಎಡಗಡೆ ದೇವರ ಭಾರ. ಒಳಗಿನ ಕನ್ನಡಿ ನೋಡೋಣವೆಂದರೆ ಹಿಂದಿನ ಸೀಟಿನ ಮೇಲೆ ಪೇರಿಸಿದ ಮಕ್ಕಳ ನೋಟ್‌ಬುಕ್ಕುಗಳಷ್ಟೇ ಕಾಣುತ್ತವೆ.

ದಾರಿಯುದ್ದಕ್ಕೂ ನಾನು ಬೈಯುತ್ತೇನೆ. ಸಿಗ್ನಲ್ ಮುರಿಯುವವರನ್ನು, ಅಡ್ಡ ಬರುವ ಆಟೋಗಳನ್ನು, ಫೋನು ಕಿವಿಗೆ ಸಿಗಿಸಿಕೊಂಡ ಬೈಕಿನವರನ್ನು. ಎಲ್ಲಕ್ಕಿಂತ ಹೆಚ್ಚು, ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ ಯಾರಿಗೋ ಕೈ ಬೀಸುತ್ತ ಕ್ಷೇಮಸಮಾಚಾರ ಮಾತಾಡುವವರನ್ನು. ಅಂಥವರಿಗೆ ನನ್ನಲ್ಲಿ ಪ್ರತ್ಯೇಕ ಬೈಗುಳಗಳಿವೆ. ಕಿಟಕಿ ಇಳಿಯುವುದಿಲ್ಲವಾದ್ದರಿಂದ ಅದೆಲ್ಲ ನಮ್ಮ ಮನೆಯವರ ಕಿವಿಗೇ ಬೀಳುತ್ತದೆ. ಅವರು ಪೇಪರ್ ಓದುತ್ತ "ಬಿಡು, ಪಾಪ" ಅನ್ನುತ್ತಾರೆ.

ಅಸಲಿಗೆ ಕಾರು ಓಡಿಸಬೇಕೆಂದು ಮೊದಲು ಆಸೆಪಟ್ಟವರು ಅವರು. ಡ್ರೈವಿಂಗ್ ಸ್ಕೂಲಿಗೆ ಹೋದರು, ಲೈಸೆನ್ಸ್ ಪಡೆದರು. ಮೂರನೇ ದಿನ ನಮ್ಮ ಓಣಿಯ ತಿರುವಿನಲ್ಲೇ ಮಂಡಕ್ಕಿ ಮೂಟೆಗಳ ತಳ್ಳುಗಾಡಿಗೆ ಗುದ್ದಿದರು. ಯಾರಿಗೂ ಏನೂ ಆಗಲಿಲ್ಲ. ಬಾನೆಟ್ಟಿನ ಮೇಲೆ, ವೈಪರಿನ ಸಂದಿಯಲ್ಲಿ, ಓಣಿಯ ತುಂಬ ಮಂಡಕ್ಕಿ. ಎದುರು ಮನೆಯವರು ಹೊರಗೆ ಬಂದು, "ಸಾರ್, ಮಂಡಕ್ಕಿ ಆತು, ಮಿರ್ಚಿ ಯಾವಾಗ?" ಅಂದರು. ಈ ಮಾತು ವಾರವಿಡೀ ಓಣಿಯಲ್ಲಿ ಓಡಾಡಿತು. ನಮ್ಮ ಮನೆಯವರು ಕೀಯನ್ನು ಮೊಳೆಗೆ ನೇತುಹಾಕಿದವರು ಮತ್ತೆ ಮುಟ್ಟಲಿಲ್ಲ. ಲೈಸೆನ್ಸ್ ಮಾತ್ರ ಪರ್ಸಿನಲ್ಲಿ ದೇವರ ಫೋಟೋದ ಪಕ್ಕ ಭದ್ರವಾಗಿತ್ತು. ಮರುವಾರ ನಾನು ಕಲಿಯಲು ಹೋದೆ.

ಹೀಗೆ ಸುಖವಾಗಿದ್ದಾಗ ನಮ್ಮ ಕಾರಿನದೇ ಹೆಸರಿಟ್ಟುಕೊಂಡು, ಮೂತಿ ಅಗಲ ಮಾಡಿಕೊಂಡು, ಮಾರುಕಟ್ಟೆಗೆ ಹೊಸ ಅವತಾರ ಬಂತು. ನಮ್ಮ ಮನೆಯವರು ಊಟಕ್ಕೆ ಕೂತಾಗ ಫೋನನ್ನು ನೀರಿನ ಚೊಂಬಿಗೆ ಆನಿಸಿ ಅದರ ವಿಡಿಯೋ ನೋಡತೊಡಗಿದರು.

"ಹಿಂದೆ ಏನೈತೆ ಅಂತ ಮುಂದೆ ಟಿವಿಯಾಗೆ ತೋರಿಸ್ತೈತಂತೆ."

"ಕುತ್ತಿಗೆ ತಿರುಗಿಸಿದ್ರೂ ಕಾಣ್ತೈತೆ. ಅನ್ನ ಕಲಸ್ರಿ."

"ಕ್ಲಚ್ಚೇ ಇಲ್ಲಂತೆ. ಗೇರ್ ತಾನೇ ಬೀಳ್ತೈತೆ. ಯಾರು ಬೇಕಾದ್ರೂ ಓಡಿಸ್ಬಹುದಂತೆ."

ಆ 'ಯಾರು ಬೇಕಾದ್ರೂ' ನನಗೆ ಚುಚ್ಚಿತು. ನಮ್ಮ ಸ್ಟಾಫ್ ರೂಮಿನಲ್ಲಿ ಕಾರು ಓಡಿಸಲು ಬರುವ ಟೀಚರುಗಳು ಇನ್ನೂ ಮೂವರಿದ್ದಾರೆ. ಮೂವರನ್ನೂ ಗಂಡಂದಿರು ತಂದು ಇಳಿಸಿ ಹೋಗುತ್ತಾರೆ. ಅವರ ಲೈಸೆನ್ಸುಗಳು ಬೀರುವಿನಲ್ಲಿ ಸೀರೆಗಳ ಕೆಳಗಿವೆ. ಗಂಡಸಿಗೆ ಓಡಿಸಲು ಬಂದ ದಿನ ಹೆಂಗಸು ಎಡಗಡೆಗೆ ಸರಿಯುತ್ತಾಳೆ, ಯಾರೂ 'ಆಚೆ ಸರಿ' ಅನ್ನುವುದಿಲ್ಲ, ತಾನೇ ಸರಿಯುತ್ತಾಳೆ. ಮನೆಯಲ್ಲಿ ಟಿವಿ ರಿಮೋಟು ನಮ್ಮ ಮನೆಯವರದು, ಶಾಲೆಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಹಿರಿಯರದು. ನನ್ನದು ಅಂತ ಇದ್ದದ್ದು ಆ ಬಲಗಡೆಯ ಸೀಟು ಒಂದೇ. ಅದನ್ನು ಬಿಟ್ಟುಕೊಡಲು ನನಗೆ ಸುತಾರಾಂ ಮನಸ್ಸಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಲು ನಾಚಿಕೆಯೂ ಆಯಿತು.

ಅದಕ್ಕೆ ನೇರ ಗ್ಯಾರೇಜಿಗೆ ಹೋದೆ. ಅಲ್ಲಿಯ ಚಾಚಾ ನಮ್ಮ ಕಾರಿನ ಹುಟ್ಟಿನಿಂದ ಅದರ ವೈದ್ಯರು.

"ಚಾಚಾ, ನಮ್ಮ ಮನೆಯವರು ಬಂದು ಕೇಳಿದ್ರೆ, ಈ ಗಾಡಿ ಇನ್ನೂ ಐದು ವರ್ಷ ಬರ್ತೈತೆ ಅಂತ ಹೇಳ್ರಿ."

ಚಾಚಾ ಕೈ ಒರೆಸಿಕೊಳ್ಳುತ್ತ ನಕ್ಕರು. "ಅವ್ರು ಮೊನ್ನೆನೇ ಬಂದಿದ್ರು ಮೇಡಮ್ಮೋರೆ. ಗಾಡಿದು ಕಥೆ ಖತಂ ಅಂತ ನಿಮಗೆ ಹೇಳ್ಬೇಕಂತೆ."

"ಮತ್ತೆ ನಿಜ ಏನು?"

"ನೀವಿಬ್ರೂ ಕೂಡಿ ಬರ್ರಿ. ಆಗ ಹೇಳ್ತೀನಿ."

ಕೂಡಿ ಹೋದದ್ದು ಶೋರೂಮಿಗೆ. ಅಲ್ಲಿಯ ಸೇಲ್ಸಿನವರು ನಮ್ಮಿಬ್ಬರನ್ನೂ ನೋಡಿದರು, ಕೀಯನ್ನು ಸೀದಾ ನಮ್ಮ ಮನೆಯವರ ಕೈಗೆ ಕೊಟ್ಟರು. "ಸರ್, ನೀವು ಓಡಿಸಿ ನೋಡ್ರಿ. ಮೇಡಂ, ನೀವು ಹಿಂದೆ ಕೂಡ್ರಿ. ಹಿಂದೆನೂ ಎಸಿ ಐತೆ." ಕಾರು ಓಡಿಸಿಕೊಂಡು ಬಂದವಳು ನಾನು, ಕಂಕುಳಲ್ಲಿ ಹಳೆ ಕಾರಿನ ಕೀ ಇದ್ದ ಬ್ಯಾಗು. ನಮ್ಮ ಮನೆಯವರು ನನ್ನ ಮುಖ ನೋಡಿದರು. ಅವರ ಮುಖದಲ್ಲಿ ಎಷ್ಟು ಆಸೆಯಿತ್ತೆಂದರೆ ನಾನು ಹಿಂದೆ ಹತ್ತಿದೆ.

ಎಲ್ಲಾದರೂ ಗುದ್ದಲಿ ಅಂತ ಕಾದೆ. ದೇವರಾಣೆಗೂ ಕಾದೆ. ಗುದ್ದಲಿಲ್ಲ. ನಿಧಾನಕ್ಕೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಬೈಪಾಸಿನವರೆಗೆ ಹೋಗಿ ತಿರುಗಿಸಿಕೊಂಡು ಬಂದರು. ಒಂದು ಆಟೋ ಹಠಾತ್ತನೆ ಅಡ್ಡ ಬಂದರೂ ಹದವಾಗಿ ಬ್ರೇಕ್ ಹಾಕಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರ ತಲೆಯ ಹಿಂಭಾಗ ನೋಡುತ್ತ ಕೂತೆ. ಅಲ್ಲಿಯ ಕೂದಲು ಬೆಳ್ಳಗಾಗಿದ್ದು ನನಗೆ ಗೊತ್ತೇ ಇರಲಿಲ್ಲ.

ಯೋಚಿಸಿ ಹೇಳುತ್ತೇವೆಂದು ಹೊರಬಿದ್ದೆವು. ಹಳೆ ಕಾರಿನಲ್ಲಿ ನನ್ನ ಸೀಟಿನಲ್ಲಿ ನಾನು ಕೂತೆ, ಅವರು ಎಡಕ್ಕೆ ಕೂತರು. ದಾರಿಯಲ್ಲಿ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಕಾರಿನಲ್ಲೇ ತಿನ್ನುತ್ತ ಕೂತಾಗ ಅವರು ಕೇಳಿದರು.

"ಹಿಂದೆ ಕೂತು ಒಂದು ಮಾತೂ ಆಡ್ಲಿಲ್ಲ ನೀನು. ಆ ಆಟೋದವನಿಗೂ ಬೈಲಿಲ್ಲ. ಯಾಕ, ಹುಷಾರಿಲ್ವ?"

"ಎಲ್ಲಿ ಕಲಿತ್ರಿ?" ಅಂದೆ.

"ಫ್ಯಾಕ್ಟರಿ ಕಾಂಪೌಂಡಿನಾಗೆ. ಜೊತೆಗಿರೋರೊಬ್ಬರು ತಮ್ಮ ಆಟೋಮ್ಯಾಟಿಕ್ ಕೊಟ್ಟಿದ್ರು. ಒಂದು ತಿಂಗಳಾತು."

ಒಂದು ತಿಂಗಳಿನಿಂದ ಸಂಜೆ ಅವರ ಬಸ್ಸು ಯಾಕೆ ತಡವಾಗಿ ಬರುತ್ತಿತ್ತೆಂದು ಈಗ ತಿಳಿಯಿತು. ನನಗೆ ಸಿಟ್ಟು ನೆತ್ತಿಗೇರಿತು. "ನನ್ನ ಸೀಟು ಬೇಕಾತಲ್ಲ ನಿಮಗೆ? ಹಂಗಂತ ನೇರ ಹೇಳ್ರಿ. ನಾಳೆಯಿಂದ ನಾನು ಎಡಕ್ಕೆ ಕೂತು ಪೇಪರ್ ಓದ್ತೀನಿ."

ಅವರು ಮಿರ್ಚಿಯನ್ನು ಪೇಪರಿನಲ್ಲಿ ಇಟ್ಟರು. "ನಿನ್ನ ಸೀಟು ತಗೊಂಡು ನಾನೇನ್ ಮಾಡ್ಲಿ? ದಿನಾ ನನ್ನ ಇಳಿಸಿ ಹೋಗ್ತೀಯಲ್ಲ. ಗೇಟಿನ ಹತ್ರ ನಿಂತು ನಾನು ಕೈ ಬೀಸ್ತೀನಿ. ಕಾರು ತಿರುಗೋ ತನಕ ಬೀಸ್ತೀನಿ. ಹನ್ನೊಂದು ವರ್ಷದಾಗೆ ಒಂದಿನಾನೂ ನೀನು ನೋಡಿಲ್ಲ. ಒಂದಿನ ನಾನು ಇಳಿಸಿ ಹೋಗ್ಬೇಕು, ನೀನು ನಿಂತು ಕೈ ಬೀಸ್ಬೇಕು ಅಂತ ಆಸೆ, ಅಷ್ಟೇ. ಬ್ಯಾಡ ಅಂದ್ರೆ ಬ್ಯಾಡ ಬಿಡು."

ನಾನು ಎಡಗಡೆಯ ಕನ್ನಡಿ ನೋಡಿದೆ. ಅದು ಎಂದಿನಂತೆ ಆಕಾಶ ತೋರಿಸುತ್ತಿತ್ತು. ಆ ಕನ್ನಡಿಯನ್ನು ಚಾಚಾ ಐದು ನಿಮಿಷದಲ್ಲಿ ಸರಿ ಮಾಡಿಕೊಡುತ್ತೇನೆಂದು ಎಷ್ಟು ಸಲ ಹೇಳಿದ್ದರೋ. ನಾನೇ ಇರಲಿ ಬಿಡಿ ಅಂದಿದ್ದೆ. ಜಗಳಕ್ಕೆ ಸಿದ್ಧವಾಗಿದ್ದವಳಿಗೆ ಅಳು ಬಂದರೆ ಎಂಥ ಫಜೀತಿ ನೋಡಿ.

ಆಟೋಮ್ಯಾಟಿಕ್ಕನ್ನೇ ತಂದೆವು. ಕರಾರು ನನ್ನದು. ವಾರದ ದಿನ ಬಲಗಡೆ ನಾನೇ, ಶನಿವಾರ ಬೆಳಗಿನ ಶಾಲೆಗೆ ಮಾತ್ರ ಅವರು ನನ್ನನ್ನು ಹರಿಹರಕ್ಕೆ ಬಿಟ್ಟು, ವಾಪಸ್ ಕರೂರಿಗೆ ಹೋಗಬೇಕು. ಹಳೆ ಕಾರು ಚಾಚಾನ ಗ್ಯಾರೇಜಿಗೇ ಹೋಯಿತು. "ರಿವರ್ಸ್ ಹೆಂಗೆ ಹಾಕೋದು ಅಂತ ಒಂದ್ಸಲ ತೋರ್ಸಿ ಹೋಗ್ರಿ" ಅಂದರು ಚಾಚಾ. ತೋರಿಸಿ ಬಂದೆ.

ಮೊದಲ ಶನಿವಾರ. ಎಡಗಡೆ ಕೂತ ನಾನು ಇಲ್ಲದ ಬ್ರೇಕನ್ನು ತುಳಿಯುತ್ತ, "ಬಸ್ ಐತೆ, ತಡಿರಿ" ಅನ್ನುತ್ತ ಹರಿಹರ ಮುಟ್ಟಿದೆ. ಶಾಲೆಯ ಗೇಟಿನಲ್ಲಿ ಇಳಿದು, ಮಕ್ಕಳೆಲ್ಲ ನೋಡುತ್ತಿದ್ದರೂ, ಬ್ಯಾಗು ಕಂಕುಳಿಗೆ ಸಿಗಿಸಿಕೊಂಡು ಕೈ ಬೀಸಿದೆ. ಅವರು ನೋಡಲಿಲ್ಲ. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಮುಂದೆಯೇ ದೃಷ್ಟಿ ನೆಟ್ಟು ಹೊರಟರು. ಇಲ್ಲೂ ಯಾವುದಾದರೂ ಮಂಡಕ್ಕಿ ಗಾಡಿ ಬರಬಹುದೆಂಬ ಭಯವಿರಬೇಕು. ನಾನು ಬೀಸುತ್ತಲೇ ಇದ್ದೆ. ನೋಡದವರಿಗೆ ಕೈ ಬೀಸುವಾಗ ತೋಳು ಎಷ್ಟು ಬೇಗ ನೋಯುತ್ತದೆಂದು ಆಗ ಗೊತ್ತಾಯಿತು.

ತಿರುವಿನ ಹತ್ತಿರ ಕಾರು ನಿಂತಿತು. ರಸ್ತೆಯ ನಟ್ಟನಡುವೆ. ಬಲಗಡೆ ಕಿಟಕಿಯ ಗಾಜು ಪೂರ್ತಿ ಇಳಿದು, ಒಂದು ಕೈ ಹೊರಗೆ ಬಂದು ಬೀಸತೊಡಗಿತು. ಹಿಂದೆ ಒಂದು ಬಸ್ಸು, ಅದರ ಹಿಂದೆ ಎರಡು ಟ್ರ್ಯಾಕ್ಟರು, ಒಂದೇ ಸಮನೆ ಹಾರ್ನು. ಹೀಗೆ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ ಕೈ ಬೀಸುವವರನ್ನು ನಾನು ಹನ್ನೊಂದು ವರ್ಷ ಬೈದಿದ್ದೇನೆ. ಅವತ್ತು ಬೈಯಲಿಲ್ಲ.