ಫ್ರೇಮಿನಾಚೆ ಉಳಿದ ಗಿಂಡಿ

ಆವತ್ತು ರವಿವಾರ. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಜೋಳ ಹಸನು ಮಾಡುತ್ತಿದ್ದೆ. ಮೊರದಲ್ಲಿ ಕೇರಿ, ಹೊಟ್ಟು ಹಾರಿಸಿ, ಕಲ್ಲು ಆರಿಸಿ ಒಗೆಯುವ ಕೆಲಸ. ಕೈ ತನ್ನ ಪಾಡಿಗೆ ಆಡುತ್ತಿತ್ತು, ಬಾಯಿ ಶಿವನಾಮ ಹೇಳುತ್ತಿತ್ತು. ಆಗ ಬಂದಳು ನೋಡಿ ಪಕ್ಕದ ಮನೆಯ ಶೈಲಾ, ಪೇಪರಿನ ಪುರವಣಿ ಹಿಡಿದುಕೊಂಡು.

"ಶಾಂತಕ್ಕಾ, ಮುರಗೋಡದ ನಿಮ್ಮ ದೊಡ್ಡವ್ವಗ ಏನರ ತ್ರಾಸ ಬಂದೈತೇನ್ರಿ?"

"ಯಾಕ? ನಿನ್ನೆರ ಫೋನ್ ಮಾಡಿದ್ರು. ಎಮ್ಮಿ ಈದೈತಿ, ಗಿಣ್ಣ ತಿನ್ನಾಕ ಬರ್ರಿ ಅಂದ್ರು."

"ಹಂಗಾರ ಇದೇನ್ರಿ?"

ಪುರವಣಿಯ ಅರ್ಧ ಪುಟದ ತುಂಬ ನಮ್ಮ ದೊಡ್ಡವ್ವ! ಕಪ್ಪು-ಬಿಳುಪು. ತಗ್ಗಿದ ಕಣ್ಣು, ಕೆನ್ನೆಯ ಮೇಲೆ ಗೆರೆ, ಮುಂದೆ ಚಾಚಿದ ಕೈ. ಕೆಳಗೆ ದಪ್ಪ ಅಕ್ಷರದಲ್ಲಿ ಶೀರ್ಷಿಕೆ: 'ಹಸಿವು'. ಫೋಟೋ ಸ್ಪರ್ಧೆಯಲ್ಲಿ ಮೊದಲನೇ ಬಹುಮಾನ. ತೆಗೆದವರ ಹೆಸರು ಓದಿದೆ. ಕೈಯಲ್ಲಿನ ಮೊರ ಜಾರಿತು. ನನ್ನ ಸ್ವಂತ ಮೈದುನ ಬಸವರಾಜ.

ದೊಡ್ಡವ್ವ ಅಂದರೆ ನಮ್ಮ ಅತ್ತೆಯವರ ಅಕ್ಕ, ನೀಲವ್ವ. ಮನೆತುಂಬ ಜೋಳದ ಚೀಲ, ಕೊಟ್ಟಿಗೆ ತುಂಬ ಎಮ್ಮೆ. ಶ್ರಾವಣ ಬಂತೆಂದರೆ ಮಠದ ದಾಸೋಹಕ್ಕೆ ಬುಟ್ಟಿಗಟ್ಟಲೆ ರೊಟ್ಟಿ ಕಳಿಸುವ ಮನೆ. ಆ ಮನೆಯ ಹಿರಿಯಳಿಗೆ ಹಸಿವಂತೆ! ತೀರ್ಪುಗಾರರು ಬೇರೆ ಎರಡು ಸಾಲು ಬರೆದಿದ್ದರು: 'ಈ ಕಣ್ಣುಗಳಲ್ಲಿ ತಲೆಮಾರುಗಳ ಹಸಿವಿದೆ.'

ತಲೆಮಾರುಗಳದ್ದಲ್ಲ ಸ್ವಾಮಿ, ಮುಂಜಾನೆಯದ್ದು. ಶ್ರಾವಣ ಸೋಮವಾರದ ಒಪ್ಪತ್ತು.

ಆ ಫೋಟೋ ತೆಗೆದಾಗ ನಾನೂ ಅಲ್ಲೇ ಇದ್ದೆ. ಮಠದ ಅಯ್ಯನವರು ಮನೆಗೆ ಬಂದಿದ್ದರು. ಪಾದಪೂಜೆ ಮುಗಿದಿತ್ತು. ಅವರು ಗಿಂಡಿಯಿಂದ ತೀರ್ಥ ಹಾಕುತ್ತಿದ್ದರು, ದೊಡ್ಡವ್ವ ಸೆರಗು ಹೊದ್ದು, ತಲೆ ಬಾಗಿಸಿ, ಬಲಗೈ ಬಟ್ಟಲು ಮಾಡಿ ಮುಂದೆ ಹಿಡಿದಿದ್ದರು. ಹಿಂದೆ ಅವರ ಸೊಸೆ ಸುಮಂಗಲಾ ಹೋಳಿಗೆ ತುಂಬಿದ ಪರಾತ ಹಿಡಿದು ನಿಂತಿದ್ದಳು. ಬಸವರಾಜ ಮೂಲೆಯಲ್ಲಿ ಕಪ್ಪೆಯ ಹಾಗೆ ಕೂತು ಕ್ಯಾಮೆರಾ ಒತ್ತುತ್ತಿದ್ದ.

ಪೇಪರಿನಲ್ಲಿ ಅಯ್ಯನವರಿಲ್ಲ. ಗಿಂಡಿ ಇಲ್ಲ. ಸುಮಂಗಲಾ ಇಲ್ಲ. ಹೋಳಿಗೆಯಂತೂ ಇಲ್ಲವೇ ಇಲ್ಲ. ಕೊರಳಲ್ಲಿನ ಲಿಂಗದ ಕರಡಿಗೆ ಸಹ ಕೆಳಗಿನ ಅಂಚಿಗೆ ಕತ್ತರಿಸಿ ಹೋಗಿದೆ. ಕೆಂಪು ಸೆರಗಿನ ಇಳಕಲ್ಲ ಸೀರೆ ಬೂದಿ ಬಣ್ಣಕ್ಕೆ ತಿರುಗಿ ಒರಸೋ ಅರಿವೆಯ ಹಾಗಾಗಿದೆ. ಉಳಿದದ್ದು ಏನು? ಒಂದು ಮುದುಕಿ. ಒಂದು ಚಾಚಿದ ಕೈ.

ಬಸವರಾಜನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಇಲ್ಲೇ ಬೈಲಹೊಂಗಲದಲ್ಲಿ ಗುಮಾಸ್ತನ ಕೆಲಸ, ನಮ್ಮ ಮನೆಯಲ್ಲೇ ವಾಸ. ಡಿಜಿಟಲ್ ಕ್ಯಾಮೆರಾ ಕೊಂಡ ದಿನದಿಂದ ಮನುಷ್ಯ ಕೈಗೆ ಸಿಕ್ಕಿಲ್ಲ. ಜೊತೆಗೆ ಒಂದು ಪುಸ್ತಕ ಬೇರೆ, ಫೋಟೋ ಚೆನ್ನಾಗಿ ತೆಗೆಯುವ ಟಿಪ್ಸ್ ಪುಸ್ತಕ. ಚಿತ್ರವನ್ನು ಮೂರು ಭಾಗ ಮಾಡಿ ನೋಡಬೇಕಂತೆ. ಮನುಷ್ಯ ಯಾವತ್ತೂ ನಡುವೆ ಇರಬಾರದಂತೆ. (ಹಾಗಾಗಿ ನನ್ನ ಅಕ್ಕನ ಮಗಳ ಮದುವೆಯ ಫೋಟೋದಲ್ಲಿ ವರ ಒಂದು ಮೂಲೆಯಲ್ಲಿದ್ದಾನೆ. ನಡುವೆ ಇರುವುದು ಪ್ಲಾಸ್ಟಿಕ್ ಕುರ್ಚಿ.) ಸೂರ್ಯ ಮುಳುಗುವಾಗಿನ ಬೆಳಕು ಬಂಗಾರವಂತೆ. ಅದಕ್ಕೆಂದು ಮನೋಳಿಗೆ ಹೋಗಿ ಹೊಳೆಯ ದಂಡೆಯಲ್ಲಿ ಕೂತು ಕೊನೆಯ ಬಸ್ಸು ತಪ್ಪಿಸಿಕೊಂಡ. ಬಾಗಿಲೊಳಗಿಂದ ತೆಗೆದರೆ ಚೌಕಟ್ಟಿನೊಳಗೆ ಚೌಕಟ್ಟು ಬರುತ್ತದಂತೆ. ಅದಕ್ಕೆಂದು ತೊರಗಲ್ ಕೋಟೆಯ ಬಾಗಿಲಲ್ಲಿ ನಮ್ಮ ಮನೆಯವರನ್ನು ಮಟಮಟ ಮಧ್ಯಾಹ್ನ ನಿಲ್ಲಿಸಿದ. ಫೋಟೋದಲ್ಲಿ ಕೋಟೆ ಚೆನ್ನಾಗಿದೆ. ನಮ್ಮ ಮನೆಯವರು ಇದ್ದಿಲಿನ ಗೊಂಬೆ.

ಇಷ್ಟೆಲ್ಲ ಇರಲಿ, ಹುಡುಗಾಟ. ಆದರೆ ಆ ಪುಸ್ತಕದ ಒಂದು ಮಾತು ಅವನ ತಲೆಯಲ್ಲಿ ಬಹಳ ಗಟ್ಟಿಯಾಗಿ ಕೂತಿತ್ತು: ಬೇಡವಾದದ್ದನ್ನು ಫ್ರೇಮಿನಿಂದ ತೆಗೆದುಹಾಕಿ.

ಅದನ್ನು ನಾನು ದಿನಾ ಮಾಡುವವಳು. ಮೊರ ಹಿಡಿದವರಿಗೆಲ್ಲ ಗೊತ್ತು, ಬೇಡವಾದದ್ದು ಕಲ್ಲು. ಈ ಮಹಾರಾಯ ಜೋಳ ಒಗೆದು ಕಲ್ಲು ಇಟ್ಟುಕೊಂಡ.

ಸಂಜೆ ಅವನು ಮನೆಗೆ ಬಂದ, ಮುಖ ಅರಳಿಸಿಕೊಂಡು. "ನೋಡಿದ್ರೇನ ವೈನಿ, ಪೇಪರ್?"

"ನೋಡಿದೆ. ದೊಡ್ಡವ್ವಗ ಯಾವಾಗಿಂದ ಊಟಾ ಇಲ್ಲೋ?"

"ಅದು ಹಂಗಲ್ರಿ. ಅದು ಕಂಪೋಸಿಷನ್. ದೊಡ್ಡವ್ವ ಅಂದ್ರ ಅಲ್ಲಿ ದೊಡ್ಡವ್ವ ಅಲ್ಲ. ಆಕಿ ಒಂದ ಸಂಕೇತ."

"ಸಂಕೇತಕ್ಕ ಮುರಗೋಡದಾಗ ಮನಿ ಐತಿ, ಫೋನೂ ಐತಿ ಬಸವರಾಜಾ."

ಅಂದ ಬಾಯಿ ಮುಚ್ಚುವುದರೊಳಗೆ ಫೋನ್ ಹೊಡೆದುಕೊಂಡಿತು. ಅವನು ಬಾಗಿಲ ಹಿಂದೆ ಸರಿದು, ನಾನಿಲ್ಲ ಅನ್ನಿ ಅಂತ ಕೈಸನ್ನೆ ಮಾಡತೊಡಗಿದ.

"ಬಸ್ಯಾ ಅದಾನೇನವಾ ಶಾಂತಾ?" ದೊಡ್ಡವ್ವನ ದನಿ. ಸಿಟ್ಟು ಬಂದಾಗ ಅವರ ದನಿ ತಣ್ಣಗಾಗುತ್ತದೆ. ಈಗ ಬಹಳ ತಣ್ಣಗಿತ್ತು.

"ಬಾಗಲಾ ಹಿಂದ ನಿಂತಾನ್ರಿ." (ದೇವರ ಮುಂದೆ ದೀಪ ಹಚ್ಚಿ ಬಂದಿದ್ದೆ. ಸುಳ್ಳು ಹೇಗೆ ಹೇಳಲಿ?)

"ಹಂಗಾರ ಅವಗ ಕೇಳು. ನನ್ನ ಕೈಯಾಗ ಶಿವನ ತೀರ್ಥ ಇತ್ತು. ಅದನ್ನ ತಗದು ಅಂವ ಏನ ಇಟ್ಟ ಅಂತ ಕೇಳು. ನನ್ನ ಮಾತ ಬಿಡವಾ, ನಾ ನಾಕ ದಿನದಾಕಿ. ಮುಂಜಾನಿಂದ ಓಣ್ಯಾಗಿನ ಮಂದಿ ಒಬ್ಬರಾದ ಮ್ಯಾಲ ಒಬ್ಬರು ಬರಾಕ ಹತ್ಯಾರ. ಸೊಸಿ ಹೊಟ್ಟಿಗಿ ಹಾಕವಲ್ಲಳೇನ್ರಿ ಅಂತ ಕೇಳತಾರ. ನಳಕ್ಕ ನೀರಿಗಿ ಹೋದ ಸುಮ್ಮಿ ಖಾಲಿ ಕೊಡಾ ತಗೊಂಡ ಹೊಳ್ಳಿ ಬಂದಾಳ. ಅಡಗಿ ಮನ್ಯಾಗ ಕುಂತ ಅಳಾಕ ಹತ್ಯಾಳ."

ಇದು ನೋಡಿ ವಿಷಯ. ಮುದುಕಿಯ ಕೈ ಚಾಚಿದ ಫೋಟೋ ಅಚ್ಚಾದರೆ ಊರು ಮೊದಲು ಯಾರನ್ನು ನೋಡುತ್ತದೆ? ಸರಕಾರವನ್ನೇ? ಬಡತನವನ್ನೇ? ಛೇ. ಸೊಸೆಯನ್ನು ನೋಡುತ್ತದೆ. ಅತ್ತೆಯ ಒಪ್ಪತ್ತಿಗೆಂದು ನಸುಕಿನಲ್ಲೆದ್ದು ಹೋಳಿಗೆ ಮಾಡಿದವಳು ಅದೇ ಫೋಟೋದಲ್ಲಿದ್ದಳು. ಅವಳನ್ನು ಕತ್ತರಿಸಿ ತೆಗೆದರು. ಆಮೇಲೆ ಅಪರಾಧ ಮಾತ್ರ ಅವಳ ತಲೆಗೆ ಕಟ್ಟಿದರು.

"ಪೂರಾ ಫೋಟೋ ಐತೇನಂತ ಕೇಳು," ಅಂದು ದೊಡ್ಡವ್ವ ಫೋನಿಟ್ಟರು.

ಬಸವರಾಜ ನೆಲ ನೋಡಿದ. "ಕಂಪ್ಯೂಟರ್‌ನಾಗ ಕಟ್ ಮಾಡಿದ್ದನ್ನ ಅದರ ಮ್ಯಾಲೇ ಸೇವ್ ಮಾಡೇನಿ ವೈನಿ. ಮೂಲ ಹೋತು."

ಅಷ್ಟೇ ಅಲ್ಲ. ಮರುದಿನ ಚಹಾ ಕುಡಿಯುವಾಗ ಇನ್ನೊಂದು ಹೊರಬಿತ್ತು. ಪೇಟೆಯ ಯಾವುದೋ ಸೇವಾ ಸಂಸ್ಥೆಯವರು ಅವನಿಗೆ ಫೋನ್ ಮಾಡಿದ್ದರಂತೆ. ಆ ಬಡ ಅಜ್ಜಿಗೆ ಇವತ್ತೇ ನೆರವು ಕೊಡಬೇಕು, ವಿಳಾಸ ಹೇಳಿ, ಫೋಟೋ ತೆಗೆಯಲು ನೀವೂ ಬನ್ನಿ ಅಂದರಂತೆ. ಇವನು ವಿಳಾಸ ಕೊಟ್ಟಿದ್ದ!

"ಖರೇ ಹೇಳಾಕ ಏನಾಗಿತ್ತೋ ನಿನಗ?"

"ಬಹುಮಾನ ಹೋಗ್ತಿತ್ತಲ್ರಿ."

ಸೆರಗು ಸಿಗಿಸಿಕೊಂಡು ಅವನನ್ನು ಕರೆದುಕೊಂಡು ಮೊದಲು ಬಜಾರದ ಸ್ಟುಡಿಯೋಕ್ಕೆ ಹೋದೆ. ಸ್ಪರ್ಧೆಗೆ ಕಳಿಸಿದ ಪ್ರಿಂಟು ಹಾಕಿಸಿದ್ದು ಅಲ್ಲೇ. ಶಿವ ದೊಡ್ಡವನು. ಇವನು ಕತ್ತರಿಸುವ ಮೊದಲೇ ಸ್ಟುಡಿಯೋದವರು ಇವನ ಕ್ಯಾಮೆರಾದ ಫೋಟೋಗಳನ್ನೆಲ್ಲ ಒಂದು ಸಿಡಿಗೆ ಹಾಕಿ ಇಟ್ಟಿದ್ದರು, ಇವನೇ ಒಯ್ಯುವುದನ್ನು ಮರೆತಿದ್ದ. ಅದರಲ್ಲಿ ಇತ್ತು! ಅಯ್ಯನವರು, ಗಿಂಡಿ, ಕೆಂಪು ಸೆರಗು, ಪರಾತದ ತುಂಬ ಹೋಳಿಗೆ, ಅದನ್ನು ಹಿಡಿದು ನಗುತ್ತ ನಿಂತ ಸುಮಂಗಲಾ. ಅವನ ಮರೆವೂ ಒಮ್ಮೊಮ್ಮೆ ಉಪಕಾರಕ್ಕೆ ಬರುತ್ತದೆ. ದೊಡ್ಡದಾಗಿ ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ, ಮುರಗೋಡದ ಬಸ್ಸು ಹತ್ತಿದೆವು.

ನಾವು ಹೋಗಿ ಮುಟ್ಟುವುದರೊಳಗೆ ಜೀಪು ಬಂದು ನಿಂತಿತ್ತು. ಎದೆಗೆ ಬ್ಯಾಜು ಹಚ್ಚಿಕೊಂಡ ದೊಡ್ಡ ಮನುಷ್ಯರು. ಒಂದು ಸಣ್ಣ ಅಕ್ಕಿ ಚೀಲ, ಒಂದು ಚಾದರ. ಅವೆರಡಕ್ಕಿಂತ ದೊಡ್ಡದೊಂದು ಬ್ಯಾನರ್. ಪಡಸಾಲೆಯಲ್ಲಿ ತೊಲೆಯವರೆಗೆ ಒಟ್ಟಿದ ಜೋಳದ ಚೀಲಗಳ ಮುಂದೆ ಆ ಅಕ್ಕಿ ಚೀಲ ಹಿಡಿದು ನಿಂತಿದ್ದರು, ಎಲ್ಲಿ ಇಡಬೇಕೋ ತಿಳಿಯದೆ.

ಅಧ್ಯಕ್ಷರು ಮೆಲ್ಲಗೆ ನನ್ನನ್ನು ಕೇಳಿದರು: "ಅಮ್ಮಾ, ಆ ಬಡ ಅಜ್ಜಿ ಎಲ್ಲಿ?"

"ನಾನs ಆ ಬಡ ಅಜ್ಜಿ," ಅಂದರು ದೊಡ್ಡವ್ವ, ಒಳಗಿನಿಂದ ಬರುತ್ತ. ಮೈಮೇಲೆ ಅದೇ ಕೆಂಪು ಸೆರಗಿನ ಸೀರೆ, ಕೈಯಲ್ಲಿ ಬಂಗಾರದ ಪಾಟಲಿ. ಬಸವರಾಜ ನನ್ನ ಬೆನ್ನ ಹಿಂದೆ ಅಡಗಿದ. ಬೈಗುಳದ ಮಳೆ ಈಗ ಸುರಿಯಿತು, ಇನ್ನು ಸುರಿಯಿತು ಅಂತ ನಾನೂ ಕಾದೆ.

"ಊಟದ ಹೊತ್ತಿಗಿ ಬಂದೀರಿ. ಕೈಕಾಲ ತೊಳಕೊಳ್ರಿ. ನಮ್ಮ ಮನಿಗಿ ಬಂದವರು ಹಂಗ ಹೋಗೂ ಪದ್ಧತಿ ಇಲ್ಲ."

"ಬೇಡಿ ಅಜ್ಜಿ, ನಾವು ಕೊಡೋಕೆ ಬಂದವರು…"

"ಕೊಡೂರು ಮದಲ ಉಣ್ರಿ. ಸುಮ್ಮೀ, ತಾಟ ಹಚ್ಚು."

ಅಳುತ್ತ ಕೂತಿದ್ದ ಸುಮಂಗಲಾ ಕಣ್ಣೊರೆಸಿಕೊಂಡು ರೊಟ್ಟಿ ಬಡಿಯಲು ಕೂತಳು. ನಾನು ತಾಟು ಇಟ್ಟೆ. ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಗುರೆಳ್ಳು ಚಟ್ನಿ, ಕೆನೆಮೊಸರು. ದೊಡ್ಡ ಮನುಷ್ಯರು ಮೊದಲು ಸಂಕೋಚದಿಂದ ಕೂತರು. ಆಮೇಲೆ ಸಂಕೋಚ ಬಿಟ್ಟರು. ಆಮೇಲೆ ಮಾತನ್ನೂ ಬಿಟ್ಟರು. ದೊಡ್ಡವ್ವ ರೊಟ್ಟಿಯ ಬುಟ್ಟಿ ಹಿಡಿದು ನಡುವೆ ನಿಂತಿದ್ದರು.

"ಇನ್ನೊಂದು ಹಾಕಿ ಅಜ್ಜಿ," ಅಂತ ಅಧ್ಯಕ್ಷರು ತಲೆ ಎತ್ತದೆ ಕೈ ಮುಂದೆ ಚಾಚಿದರು.

ದೊಡ್ಡವ್ವ ರೊಟ್ಟಿ ಕೊಡಲಿಲ್ಲ. ತಿರುಗಿ ನೋಡಿದರು.

"ಬಸ್ಯಾ, ಈಗ ತಗಿ ಫೋಟೋ. ಬುಟ್ಟಿ ಬಿಡು, ನನ್ನೂ ಬಿಡು. ಅವರ ಕೈ ಅಷ್ಟ ಬರಲಿ. ಹೆಸರ ಏನ ಇಡ್ತಿ ಇಡು."

ಒಲೆಯ ಮುಂದೆ ಸುಮಂಗಲಾ ರೊಟ್ಟಿ ಬಡಿಯುವುದು ನಿಂತಿತು. ಅಧ್ಯಕ್ಷರು ತಮ್ಮ ಕೈ ನೋಡಿಕೊಂಡರು, ಬ್ಯಾನರ್ ನೋಡಿದರು, ಬಸವರಾಜನನ್ನು ನೋಡಿದರು. ಬಸವರಾಜ ಕ್ಯಾಮೆರಾ ಎತ್ತಲಿಲ್ಲ. ಅವನು ಕೈಗೆತ್ತಿಕೊಂಡದ್ದು ನಾವು ತಂದ ಕಟ್ಟಿನ ಫೋಟೋ. ಅಧ್ಯಕ್ಷರ ಮುಂದೆ ಹಿಡಿದ. "ಇದು ಪೂರಾ ಐತ್ರಿ. ತಪ್ಪು ನಂದು," ಅಂದ. ಇಷ್ಟು ದಿನದಲ್ಲಿ ಅವನು ಆಡಿದ ಒಂದೇ ನೆಟ್ಟಗಿನ ಮಾತು.

ಅಧ್ಯಕ್ಷರು ಒಳ್ಳೆಯವರೇ ಇರಬೇಕು. ಬಹಳ ಹೊತ್ತು ಫೋಟೋ ನೋಡಿದರು. "ಈ ಹೋಳಿಗೆ ಮಾಡಿದವರು ಯಾರು?" ಅಂತ ಕೇಳಿದರು.

"ನನ್ನ ಸೊಸಿ," ಅಂದರು ದೊಡ್ಡವ್ವ, ಓಣಿಗೆಲ್ಲ ಕೇಳುವ ಹಾಗೆ. ಬಾಗಿಲಲ್ಲಿ ಇಣುಕುತ್ತಿದ್ದ ಓಣಿಯ ಹೆಂಗಸರಿಗೆ ಬೇಕಾದದ್ದೂ ಅದೇ. ಆಮೇಲೆ ಅಧ್ಯಕ್ಷರ ತಾಟಿಗೆ ಒಂದಲ್ಲ, ಎರಡು ರೊಟ್ಟಿ ಬಿದ್ದವು. ಅಕ್ಕಿ ಚೀಲ ಮಠದ ದಾಸೋಹಕ್ಕೆ ಹೋಯಿತು. ಬ್ಯಾನರ್ ಬಿಚ್ಚದೆಯೇ ಜೀಪಿಗೆ ವಾಪಸಾಯಿತು. ಪೇಪರಿನವರು ತಿದ್ದುಪಡಿ ಹಾಕಲಿಲ್ಲ, ಹಾಕುವುದೂ ಇಲ್ಲ. ಆದರೆ ಪೂರಾ ಫೋಟೋ ಈಗ ದೊಡ್ಡವ್ವನ ಪಡಸಾಲೆಯಲ್ಲಿದೆ, ಒಳಗೆ ಕಾಲಿಟ್ಟ ಯಾರಿಗಾದರೂ ಮೊದಲು ಕಾಣುವ ಗೋಡೆಯ ಮೇಲೆ. ಸುಮಂಗಲಾ ನಳಕ್ಕೆ ಹೋಗಿ ತುಂಬಿದ ಕೊಡ ತರುತ್ತಿದ್ದಾಳೆ. ನನಗೆ ಅಷ್ಟು ಸಾಕು.

ಇನ್ನು ನಿಮಗೂ ಕ್ಯಾಮೆರಾ ಹುಚ್ಚಿದ್ದರೆ (ಇಂದಿನ ದಿನ ಯಾರಿಗಿಲ್ಲ?), ಪುಸ್ತಕದಲ್ಲಿ ಇಲ್ಲದ ಕೆಲವು ಮಾತು ನನ್ನಿಂದ ಕೇಳಿ. ಮನುಷ್ಯರ ಮುಖ ಚೆನ್ನಾಗಿ ಬರಬೇಕಾದರೆ ಬಂಗಾರದ ಬೆಳಕು ಹುಡುಕಿಕೊಂಡು ಹೊಳೆಗೆ ಹೋಗಬೇಡಿ. ಮುಂಜಾನೆ ತಲೆಬಾಗಿಲ ಹತ್ತಿರ ಕೂರಿಸಿ, ಬೆಳಕು ಪಕ್ಕದಿಂದ ಬರಲಿ. ನಾನು ಜೋಳ ಆರಿಸುವುದು ಅಲ್ಲೇ, ಸಣ್ಣ ಕಲ್ಲೂ ಕಾಣುತ್ತದೆ, ಮುಖ ಕಾಣುವುದಿಲ್ಲವೇ? ಕೂಸಿನ ಫೋಟೋ ತೆಗೆಯುವಾಗ ನೆಲಕ್ಕೆ ಕೂತು ತೆಗೆಯಿರಿ, ನಿಂತು ತೆಗೆದರೆ ನೆತ್ತಿ ಬರುತ್ತದೆ. ನಗಿರಿ ನಗಿರಿ ಅಂತ ಗಂಟಲು ಹರಿದುಕೊಳ್ಳಬೇಡಿ. ಅವರ ಕೆಲಸ ಅವರು ಮಾಡಲಿ, ನೀವಿರುವುದು ಮರೆಯಲಿ, ಆಗ ಒತ್ತಿರಿ. ಬೇಕಾದಷ್ಟು ಕತ್ತರಿಸಿ, ಆದರೆ ಮೂಲವನ್ನು ಬೇರೆ ಕಡೆ ಜೋಪಾನ ಮಾಡಿ. ಕತ್ತರಿಸುವ ಮೊದಲು ನೋಡಿ, ಅಂಚಿಗೆ ನಿಂತವರು ಏನು ಹಿಡಿದಿದ್ದಾರೆ ಅಂತ. ಎಲ್ಲಕ್ಕಿಂತ ಮೊದಲು, ಪೇಪರಿಗೆ ತೋರಿಸುವ ಮುಂಚೆ ಫೋಟೋದಲ್ಲಿದ್ದವರಿಗೆ ತೋರಿಸಿ. ಇಷ್ಟು ತಿಳಿಯಲು ಪುಸ್ತಕ ಬೇಕೇ?

ಇವತ್ತು ಮುಂಜಾನೆ ಮತ್ತೆ ಜೋಳ ಹರವಿಕೊಂಡು ಕೂತಿದ್ದೆ. ಬಾಗಿಲ ಕಡೆಯಿಂದ ದನಿ ಬಂತು.

"ವೈನಿ, ಹಂಗs ಕುಂದರ್ರಿ. ಬೆಳಕ ಭಾಳ ಚಲೋ ಬಿದ್ದೈತಿ."

"ಹೆಸರ ಏನ ಇಡ್ತಿ, ಮದಲ ಅದನ್ನ ಹೇಳು," ಅಂದೆ. "ಆಮ್ಯಾಲ ಒತ್ತು."

ಅವನು ಕ್ಯಾಮೆರಾ ಹಿಡಿದುಕೊಂಡು ಇನ್ನೂ ಯೋಚಿಸುತ್ತಿದ್ದಾನೆ. ಕರೆಂಟು ಹೋಗುವುದರೊಳಗೆ ಹಿಟ್ಟಿನ ಗಿರಣಿ ಮುಟ್ಟಬೇಕು, ನಾನು ಬುಟ್ಟಿ ಎತ್ತಿಕೊಂಡು ಹೊರಟೆ.